ಎರಡು ರುಜು, ಎರಡು ವಿಶ್ವವಿದ್ಯಾನಿಲಯ

ಹೋದ ವರ್ಷ ಏಪ್ರಿಲ್ ತಿಂಗಳಲ್ಲಿ ನಾನು ಕ್ಯಾಲಿಫೋರ್ನಿಯದಲ್ಲಿ ಮಗಳ ಮನೆಯಲ್ಲಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದ ದಡದಲ್ಲಿರುವ ಫ್ರೀಮಾಂಟ್ ಅವರ ಊರು. ಆ ಕಡೆಯ ಊರುಗಳು ಕನ್ನಡಿಗರಿಗೆ ಈಗ ಪರಸ್ಥಳವೇನೂ ಅಲ್ಲ. ಸಂಜೆ ಅಡ್ಡಾಡಲು ಹೊರಟರೆ ಹಾಸನದ ಕನ್ನಡವೂ ಧಾರವಾಡದ ಕನ್ನಡವೂ ಕಿವಿಗೆ ಬೀಳುತ್ತವೆ. ನಾನಿದ್ದಾಗಲೇ ಮೊಮ್ಮಗನಿಗೆ ಎರಡು ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ದೊರೆತ ಸುದ್ದಿ ಬಂತು. ಒಂದು ಸ್ಟ್ಯಾನ್‌ಫರ್ಡ್, ಖಾಸಗಿಯದು. ಇನ್ನೊಂದು ಬರ್ಕ್ಲಿ, ಕ್ಯಾಲಿಫೋರ್ನಿಯ ಸಂಸ್ಥಾನದ ಸರ್ಕಾರದ್ದು. ಸಂತೋಷ ಒಂದು ದಿನ ಇತ್ತು. ಮಾರನೆಯ ದಿನದಿಂದ ಲೆಕ್ಕ ಶುರುವಾಯಿತು.

ಅಳಿಯ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕುಳಿತ. ಒಂದು ಕಡೆ ಬರೀ ಬೋಧನ ಶುಲ್ಕವೇ ವರ್ಷಕ್ಕೆ 60,000 ಡಾಲರಿಗೆ ಮಿಕ್ಕಿ; ಇನ್ನೊಂದು ಕಡೆ, ಆ ಸಂಸ್ಥಾನದಲ್ಲೇ ನೆಲಸಿದವರಿಗಾದರೆ, ಅದರ ಕಾಲು ಭಾಗದ ಆಸುಪಾಸು. ಊಟ ವಸತಿ ಎಲ್ಲ ಸೇರಿಸಿ ನಾಲ್ಕು ವರ್ಷಕ್ಕೆ ನೋಡಿದರೆ ನಡುವಣ ಅಂತರ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು. ಮನೆಯ ಮೇಲೆ ಸಾಲವಿದೆ. ಇವನ ಹಿಂದೆ ತಂಗಿಯೊಬ್ಬಳಿದ್ದಾಳೆ. ಮಗಳದು ಬೇರೆ ವಾದ: ಕೈಗೆ ಬಂದದ್ದನ್ನು ದುಡ್ಡಿಗಾಗಿ ಬಿಟ್ಟರೆ ನಾಳೆ ಹುಡುಗ ನಮ್ಮನ್ನು ಏನೆಂದಾನು? “ಅಪ್ಪ, ನೀವು ಮೇಷ್ಟರಾಗಿದ್ದವರು, ನೀವೇ ಹೇಳಿ” ಎಂದು ತಕ್ಕಡಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದವನಿಗೆ ಮನೆಸಾಲದ ಲೆಕ್ಕ ಎಲ್ಲಿ ತಿಳಿಯಬೇಕು? ಆದರೆ ಅಳಿಯನ ಕಾಗದದ ನೆತ್ತಿಯ ಮೇಲಿದ್ದ ಎರಡು ಮಾತುಗಳ ಮೇಲೆ ನನ್ನ ಕಣ್ಣು ನಿಂತಿತು. ಎಡಕ್ಕೆ ‘ಖಾಸಗಿ’, ಬಲಕ್ಕೆ ‘ಸರ್ಕಾರಿ’ ಎಂದು ಬರೆದು ನಡುವೆ ಗೆರೆ ಎಳೆದಿದ್ದ. ಬೆಟ್ಟ ಬೇರೆ, ಬಯಲು ಬೇರೆ ಎಂಬಷ್ಟು ಸಹಜವಾಗಿತ್ತು ಆ ಗೆರೆ. ಈ ಎರಡು ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಮಾತ್ರ ಆ ಗೆರೆ ಅಷ್ಟು ನೆಟ್ಟಗೆ ಎಲ್ಲಿಯೂ ಕಾಣುವುದಿಲ್ಲ.

1862ರ ಜುಲೈ ತಿಂಗಳು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಆ ತಿಂಗಳ 1ನೆಯ ತಾರೀಖು ಅಧ್ಯಕ್ಷ ಲಿಂಕನ್ ಪೆಸಿಫಿಕ್ ರೈಲ್ವೆ ಶಾಸನಕ್ಕೆ ರುಜು ಹಾಕಿದ. ಮರುದಿನ, 2ನೆಯ ತಾರೀಖು, ಮಾರಿಲ್ ಶಾಸನಕ್ಕೆ ರುಜು ಹಾಕಿದ. ಮೊದಲನೆಯದು, ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉಕ್ಕಿನ ಹಾದಿ ಹಾಕುವ ಕಂಪನಿಗಳಿಗೆ ಸರ್ಕಾರದ ಭೂಮಿಯನ್ನೂ ಸಾಲವನ್ನೂ ಕೊಡುವ ಶಾಸನ. ಎರಡನೆಯದು, ಬೇಸಾಯ ಮತ್ತು ಯಂತ್ರವಿದ್ಯೆಗಳನ್ನು ಕಲಿಸುವ ಕಾಲೇಜುಗಳಿಗಾಗಿ ಸಂಸ್ಥಾನಗಳಿಗೆ ಸರ್ಕಾರದ ಭೂಮಿಯನ್ನು ಕೊಡುವ ಶಾಸನ. ಕಾಂಗ್ರೆಸ್ಸಿನಲ್ಲಿ ಸಂಸ್ಥಾನಕ್ಕಿರುವ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆಯಂತೆ. ಮೊದಲನೆಯ ರುಜುವಿನಿಂದ ಹರಿದ ಹಣ ಮುಂದೆ ಸ್ಟ್ಯಾನ್‌ಫರ್ಡ್ ಆಯಿತು. ಎರಡನೆಯ ರುಜುವಿನಿಂದ ಬಂದ ಭೂಮಿ ಬರ್ಕ್ಲಿಗೆ ಆಧಾರವಾಯಿತು. ಎರಡೂ ಸಾರ್ವಜನಿಕ ಭೂಮಿಯೇ. ಸಾರ್ವಜನಿಕವಾಗುವ ಮೊದಲು ಅದು ಯಾರದಾಗಿತ್ತು, ಅವರಿಂದ ಹೇಗೆ ಬಂತು ಎಂಬುದು ಆ ನೆಲದ ಮೂಲನಿವಾಸಿಗಳ ಕಥೆ. ಎರಡು ಸಂಸ್ಥೆಗಳೂ ಇತ್ತೀಚಿನವರೆಗೆ ಅದನ್ನು ಹೆಚ್ಚಾಗಿ ಹೇಳಿಕೊಂಡಿರಲಿಲ್ಲ.

ಬರ್ಕ್ಲಿಯ ಹುಟ್ಟನ್ನು ಮೊದಲು ನೋಡೋಣ. ಇಂದು ಸರ್ಕಾರಿ ಎನ್ನಿಸಿಕೊಳ್ಳುವ ಈ ಸಂಸ್ಥೆಯ ಮೂಲದಲ್ಲಿದ್ದುದು ಒಂದು ಖಾಸಗಿ ಕಾಲೇಜು. ಹೆನ್ರಿ ಡ್ಯುರಾಂಟ್ ಎಂಬ ಪಾದ್ರಿ 1853ರಲ್ಲಿ ಓಕ್‌ಲೆಂಡಿನಲ್ಲಿ ಒಂದು ಸಣ್ಣ ಶಾಲೆ ತೆರೆದ. ಚಿನ್ನದ ಹುಚ್ಚು ಹಿಡಿದು ಬಂದವರ ನಾಡಿನಲ್ಲಿ ಲ್ಯಾಟಿನ್, ಗ್ರೀಕ್ ಕಲಿಸಹೊರಟ ಧೈರ್ಯವನ್ನು ಮೆಚ್ಚಬೇಕು. ಅದು 1855ರಲ್ಲಿ ಕ್ಯಾಲಿಫೋರ್ನಿಯ ಕಾಲೇಜಾಯಿತು. ಉತ್ತರದ ಬೆಟ್ಟದ ತಪ್ಪಲಿನಲ್ಲಿ ಒಳ್ಳೆಯ ಜಾಗವನ್ನೂ ಕೊಂಡರು. ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿ ಬಿಷಪ್ ಬರ್ಕ್ಲಿಯ ಹೆಸರನ್ನು ಆ ಜಾಗಕ್ಕೆ ಇಟ್ಟರು. ಜಾಗವಿತ್ತು, ಹೆಸರಿತ್ತು, ದುಡ್ಡಿರಲಿಲ್ಲ. ಸರ್ಕಾರದ ಕೈಯಲ್ಲಿ ಮಾರಿಲ್ ಶಾಸನದ 1,50,000 ಎಕರೆ ಭೂಮಿಯಿತ್ತು, ಬೇಸಾಯ, ಗಣಿ, ಯಂತ್ರವಿದ್ಯೆಗಳ ಕಾಲೇಜೊಂದನ್ನು ಮಾಡುವ ಶಾಸನವೂ ಆಗಿತ್ತು. ಕಾಲೇಜು ಮಾತ್ರ ಇರಲಿಲ್ಲ. ಖಾಸಗಿಯವರು ತಮ್ಮ ಆಸ್ತಿಯನ್ನು ಸರ್ಕಾರಕ್ಕೆ ಬಿಟ್ಟುಕೊಡಲು ಒಪ್ಪಿದರು. ಒಂದೇ ಷರತ್ತು, ಬರೀ ಬೇಸಾಯ ಕಲಿಸಿದರೆ ಸಾಲದು, ಸಾಹಿತ್ಯ ಶಾಸ್ತ್ರಗಳೂ ಇರಬೇಕು. 1868ರ ಮಾರ್ಚ್ 23ರಂದು ಗವರ್ನರ್ ಹೇಟ್ ರುಜು ಹಾಕಿದ ಶಾಸನದಿಂದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ಹುಟ್ಟಿತು. ಡ್ಯುರಾಂಟನೇ ಅದರ ಮೊದಲ ಅಧ್ಯಕ್ಷನಾದ.

ಆ ಶಾಸನದಲ್ಲಿ ಒಂದು ಅಂಶ ಗಮನಿಸಬೇಕಾದದ್ದು. ವಿಶ್ವವಿದ್ಯಾನಿಲಯದ ವರಮಾನ ಅನುವು ಕೊಟ್ಟೊಡನೆ ಸಂಸ್ಥಾನದ ನಿವಾಸಿಗಳೆಲ್ಲರಿಗೂ ಪ್ರವೇಶವೂ ಬೋಧನೆಯೂ ಉಚಿತವಾಗತಕ್ಕದ್ದು ಎಂದು ಅದು ವಿಧಿಸಿತು. 1870ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಸರ್ಕಾರ ನಡೆಸುವ ವಿಶ್ವವಿದ್ಯಾನಿಲಯ ಎಂದರೆ ನಾಡಿನ ರೈತನ ಮಗನಿಗೂ ಕಮ್ಮಾರನ ಮಗನಿಗೂ ಸೇರಿದ್ದು ಎಂಬ ಕಲ್ಪನೆ ಅಮೆರಿಕದ ಈ ಸಂಸ್ಥೆಗಳಲ್ಲಿ ಬೇರೂರಿತು. ಆ ಕಲ್ಪನೆ ನಮ್ಮನ್ನೂ ಮುಟ್ಟದೆ ಹೋಗಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ಮುನ್ನ ಸಿ. ಆರ್. ರೆಡ್ಡಿಯವರೂ ಮಹಾರಾಜ ಕಾಲೇಜಿನ ಡೆನ್ಹಾಮರೂ ಹೊರದೇಶಗಳ ಪದ್ಧತಿಗಳನ್ನು ಅಭ್ಯಾಸಮಾಡಿದರಷ್ಟೆ. ಅವರು ಗಮನವಿಟ್ಟು ನೋಡಿದವುಗಳಲ್ಲಿ ವಿಸ್ಕಾನ್ಸಿನ್ ಎಂಬ ಸಂಸ್ಥಾನದ ಸರ್ಕಾರಿ ವಿಶ್ವವಿದ್ಯಾನಿಲಯ ಒಂದು.

ಈಗ ಮೊದಲನೆಯ ರುಜುವಿನ ಕಥೆ. ಲೀಲಂಡ್ ಸ್ಟ್ಯಾನ್‌ಫರ್ಡ್ ಸ್ಯಾಕ್ರಮೆಂಟೊದಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು. ಮೂವರು ಸ್ನೇಹಿತರೊಡನೆ ಸೇರಿ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪನಿಯನ್ನು ಕಟ್ಟಿದ, ಅದರ ಅಧ್ಯಕ್ಷನಾದ. 1862ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಗವರ್ನರನೂ ಆದ. ಒಂದೇ ಕುರ್ಚಿಯಲ್ಲಿ ಕುಳಿತು ಕೊಡುವವನೂ ಪಡೆಯುವವನೂ ಆಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಶಾಸನದ ಪ್ರಕಾರ ಸಮತಟ್ಟಾದ ನೆಲದಲ್ಲಿ ಹಾಕಿದ ಹಾದಿಗೆ ಮೈಲಿಗೆ 16,000 ಡಾಲರು ಸರ್ಕಾರಿ ಸಾಲಪತ್ರ, ಬೆಟ್ಟದ ಹಾದಿಗಾದರೆ 48,000. ಬೆಟ್ಟ ಎಲ್ಲಿಂದ ಆರಂಭವಾಗುತ್ತದೆಂಬುದು ಆಗ ದುಡ್ಡಿನ ಪ್ರಶ್ನೆಯಾಯಿತು. ಸಂಸ್ಥಾನದ ಭೂವಿಜ್ಞಾನಿ ವಿಟ್ನಿ ಮಣ್ಣು ಪರೀಕ್ಷಿಸಿ, ಸಿಯೆರಾ ಪರ್ವತ ಸ್ಯಾಕ್ರಮೆಂಟೊದಿಂದ ಏಳು ಮೈಲಿ ದೂರದ ಹಳ್ಳದ ಬಳಿಯೇ ಆರಂಭವಾಗುತ್ತದೆ ಎಂದುಬಿಟ್ಟ. ಅಲ್ಲಿ ಕಣ್ಣಿಗೆ ಕಾಣುವುದು ಬಯಲೇ. ಹಣದ ಬಲದಿಂದ ಬೆಟ್ಟವೇ ಹಲವು ಮೈಲಿ ಪಡುವಣಕ್ಕೆ ಸರಿದ ಪವಾಡ ಇದು. ನಿಜವಾದ ಬೆಟ್ಟವನ್ನು ಕೊರೆದವರು ಸಾವಿರಾರು ಮಂದಿ ಚೀನೀ ಕೂಲಿಗಾರರು. ಹಿಮದಲ್ಲಿ, ಸಿಡಿಮದ್ದಿನ ನಡುವೆ. 1869ರ ಮೇ 10ರಂದು ಯೂಟಾದಲ್ಲಿ ಎರಡು ಕಡೆಯ ಹಾದಿಗಳು ಕೂಡಿದಾಗ ಕೊನೆಯ ಬಂಗಾರದ ಮೊಳೆ ಹೊಡೆಯುವ ಮರ್ಯಾದೆ ಸ್ಟ್ಯಾನ್‌ಫರ್ಡನದಾಗಿತ್ತು.

ಇಷ್ಟು ಹಣವಿದ್ದವನಿಗೆ ಒಬ್ಬನೇ ಮಗ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದವನು. 1884ರಲ್ಲಿ ತಾಯಿತಂದೆಯರೊಡನೆ ಯೂರೋಪು ಸುತ್ತುತ್ತಿದ್ದಾಗ ಫ್ಲಾರೆನ್ಸ್ ನಗರದಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡ. ಹದಿನಾರು ತುಂಬಿರಲಿಲ್ಲ. ಕ್ಯಾಲಿಫೋರ್ನಿಯದ ಮಕ್ಕಳೇ ಇನ್ನು ನಮ್ಮ ಮಕ್ಕಳು ಎಂದು ತಂದೆ ಹೆಂಡತಿಗೆ ಹೇಳಿದನೆಂದು ಹೇಳಿಕೆ. ಆತನ ರೈಲ್ವೆಯ ಕಥೆ ಓದಿ ಮೂಡಿದ ಕಹಿ ಇಲ್ಲಿ ಬಂದಾಗ ತುಸು ಇಳಿಯುತ್ತದೆ, ನನಗೆ ಹಾಗಾಯಿತು. 1885ರಲ್ಲಿ ದಾನಪತ್ರ ಬರೆದರು. ಪಾಲೊ ಆಲ್ಟೊದ ಎಂಟು ಸಾವಿರ ಎಕರೆಗೂ ಮಿಕ್ಕ ಕುದುರೆಸಾಕಣೆಯ ಜಮೀನನ್ನು ಕೊಟ್ಟರು. ಅದನ್ನು ಎಂದಿಗೂ ಮಾರಕೂಡದೆಂದು ಬರೆದರು. 1891ರ ಅಕ್ಟೋಬರ್ 1ರಂದು ಮಗನ ಹೆಸರಿನ ವಿಶ್ವವಿದ್ಯಾನಿಲಯ ಬಾಗಿಲು ತೆರೆಯಿತು.

ಇದನ್ನು ಹೇಳಿದಾಗ ಅಳಿಯ ನಂಬದೆ ನನ್ನ ಮುಖ ನೋಡಿದ: ಸ್ಟ್ಯಾನ್‌ಫರ್ಡಿನಲ್ಲಿ ಬೋಧನ ಶುಲ್ಕ ಇರಲಿಲ್ಲ. ಮೊದಲ ವರ್ಷ ಮಾತ್ರವಲ್ಲ. ಸುಮಾರು ಮೂವತ್ತು ವರ್ಷ, 1920ರವರೆಗೆ.

ಅಂಥ ಶುಲ್ಕವಿಲ್ಲದ ಬಾಗಿಲಿಗೆ ಬಂದವರಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗನಿದ್ದ. ಐಯೋವದ ಹಳ್ಳಿಯ ಕಮ್ಮಾರನ ಮಗ. ಹತ್ತು ವರ್ಷ ಆಗುವುದರೊಳಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಆರಿಗನ್ನಿನ ಸೋದರಮಾವನ ಮನೆ ಸೇರಿದವನು. ಪ್ರವೇಶ ಪರೀಕ್ಷೆಯಲ್ಲಿ ಗಣಿತವೊಂದು ಬಂತು, ಉಳಿದವು ಬರಲಿಲ್ಲ. ಆದರೂ ಪರೀಕ್ಷೆ ಮಾಡಿದ ಅಧ್ಯಾಪಕ ಹುಡುಗನಲ್ಲಿ ಏನನ್ನೋ ಕಂಡು, ಬೇಸಗೆಯಲ್ಲಿ ಬಂದು ಓದಿಕೋ ಎಂದ. ಹುಡುಗ ಬಂದ. ಸಹಪಾಠಿಗಳ ಬಟ್ಟೆ ಒಗೆಸಿಕೊಡುವ ಏಜನ್ಸಿ ನಡೆಸಿದ, ಪತ್ರಿಕೆ ಹಂಚಿದ, ಭೂವಿಜ್ಞಾನ ಓದಿ 1895ರಲ್ಲಿ ಪದವಿ ಪಡೆದ. ಮೊದಲು ಸಿಕ್ಕ ಕೆಲಸ ಚಿನ್ನದ ಗಣಿಯಲ್ಲಿ ಅದಿರಿನ ಬಂಡಿ ತಳ್ಳುವುದು. ಹರ್ಬರ್ಟ್ ಹೂವರ್ ಅವನ ಹೆಸರು. 1929ರಲ್ಲಿ ಅಮೆರಿಕದ ಅಧ್ಯಕ್ಷನಾದ.

ಇನ್ನೊಬ್ಬ ಹುಡುಗ ಸ್ಟ್ಯಾನ್‌ಫರ್ಡ್ ತೆರೆದ ವರ್ಷವೇ, 1891ರಲ್ಲಿ, ಲಾಸ್ ಏಂಜಲೀಸಿನಲ್ಲಿ ಹುಟ್ಟಿದ. ತಂದೆ ನಾರ್ವೆಯಿಂದ ಬಂದವನು. ಸದರ್ನ್ ಪೆಸಿಫಿಕ್ ರೈಲ್ವೆಯಲ್ಲಿ ಕೆಲಸ. ಸ್ಟ್ಯಾನ್‌ಫರ್ಡನೂ ಅವನ ಪಾಲುದಾರರೂ ಬೆಳೆಸಿದ ರೈಲ್ವೆ ಅದು. 1894ರ ಮಹಾ ಮುಷ್ಕರದಲ್ಲಿ ಆ ತಂದೆಯೂ ಸೇರಿದ. ಕೆಲಸ ಹೋಯಿತು, ಹೆಸರು ಕಪ್ಪುಪಟ್ಟಿಗೆ ಬಿತ್ತು. ಮುಂದೆ ಬೇಕರ್ಸ್‌ಫೀಲ್ಡಿನಲ್ಲಿ ಮತ್ತೆ ಅದೇ ರೈಲ್ವೆಯ ಕೆಲಸಕ್ಕೆ ಸೇರಿಕೊಂಡು ಸಂಸಾರ ನಡೆಸಿದ. ಮಗನೂ ಶಾಲೆಯ ರಜೆಯಲ್ಲಿ ರೈಲ್ವೆಯಲ್ಲೇ ದುಡಿದ. ನಸುಕಿಗೆ ಮನೆಮನೆಗೆ ಹೋಗಿ ಪಾಳಿಯವರನ್ನು ಎಬ್ಬಿಸಿ ಕರೆತರುವ ಹುಡುಗನ ಕೆಲಸ. 1908ರಲ್ಲಿ ಬರ್ಕ್ಲಿಗೆ ಸೇರಿದ. ಅಷ್ಟೇನೂ ಮಿಂಚಿದ ವಿದ್ಯಾರ್ಥಿಯಲ್ಲ. 1912ರಲ್ಲಿ ಒಂದು ಪದವಿ, 1914ರಲ್ಲಿ ನ್ಯಾಯಶಾಸ್ತ್ರದ ಪದವಿ. ಇವನು ಅರ್ಲ್ ವಾರನ್. ಕ್ಯಾಲಿಫೋರ್ನಿಯದ ಗವರ್ನರ್, ಆಮೇಲೆ ಅಮೆರಿಕದ ಶ್ರೇಷ್ಠ ನ್ಯಾಯಾಧೀಶ. ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆಬೇರೆ ಸರ್ಕಾರಿ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಒಮ್ಮತದ ತೀರ್ಪು ಬರೆದವನು.

ಅನಾಥ ಹುಡುಗ ಖಾಸಗಿ ಸಂಸ್ಥೆಯಲ್ಲಿ, ರೈಲ್ವೆ ಕೆಲಸಗಾರನ ಮಗ ಸರ್ಕಾರಿ ಸಂಸ್ಥೆಯಲ್ಲಿ. ಇಬ್ಬರ ತಲೆಯ ಮೇಲೂ ಬೋಧನ ಶುಲ್ಕದ ಹೊರೆ ಇರಲಿಲ್ಲ. ಯಾವುದು ಅಗ್ಗ, ಯಾವುದು ದುಬಾರಿ ಎಂದು ಆ ಕಾಲದಲ್ಲಿ ಯಾರಾದರೂ ಕಾಗದದ ಮೇಲೆ ಗೆರೆ ಎಳೆದಿದ್ದರೆ ಎರಡು ಕಡೆಯೂ ಸೊನ್ನೆಯನ್ನೇ ಬರೆಯಬೇಕಾಗುತ್ತಿತ್ತು.

ಹಾಗೆಂದು ಖಾಸಗಿ ದಾನದಲ್ಲಿ ತೊಡಕಿರಲಿಲ್ಲವೆಂದಲ್ಲ. ದಾನಿ ಸತ್ತರೆ ಏನು ಗತಿ? 1893ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್ ತೀರಿಕೊಂಡ. ಆಸ್ತಿ ನ್ಯಾಯಾಲಯದ ಕೈಸೇರಿತು. ರೈಲ್ವೆಗೆ ಕೊಟ್ಟ ಸಾಲದಲ್ಲಿ ಅವನ ಪಾಲೆಂದು ಕೇಂದ್ರ ಸರ್ಕಾರ ಸುಮಾರು ಒಂದೂವರೆ ಕೋಟಿ ಡಾಲರಿಗೆ ದಾವೆ ಹೂಡಿತು. ಮೊದಲನೆಯ ರುಜು ಹೀಗೆ ಮೂವತ್ತು ವರ್ಷದ ಮೇಲೆ ಬಾಗಿಲು ತಟ್ಟಿತು. ವಿಧವೆ ಜೇನ್ ಸ್ಟ್ಯಾನ್‌ಫರ್ಡಳ ಮನೆಖರ್ಚಿಗೆಂದು ನ್ಯಾಯಾಲಯ ತಿಂಗಳಿಗೆ 10,000 ಡಾಲರು ಕೊಡಿಸಿತು. ಆಕೆ ತನ್ನ ಖರ್ಚನ್ನು ಹಿಡಿತಮಾಡಿ ಮಿಕ್ಕುದನ್ನೆಲ್ಲ ಅಧ್ಯಾಪಕರ ಸಂಬಳಕ್ಕೆ ಕೊಟ್ಟಳು. ಪ್ರೊಫೆಸರುಗಳನ್ನು ಆಕೆಯ ಮನೆಯ ಪರಿಚಾರಕರೆಂದು ಲೆಕ್ಕಕ್ಕೆ ಹಿಡಿದರೆಂದು ಒಂದು ಮಾತಿದೆ. 1896ರಲ್ಲಿ ಸುಪ್ರೀಂ ಕೋರ್ಟು ದಾವೆಯನ್ನು ತಳ್ಳಿಹಾಕಿತು. ಆದರೂ ಕೈ ಬಿಗಿಯೇ. ಮರುವರ್ಷ ಆಕೆ ತನ್ನ ಒಡವೆಗಳನ್ನು ಲಂಡನ್ನಿಗೆ ಕೊಂಡೊಯ್ದು ಮಾರಲು ನೋಡಿದಳು; ತಕ್ಕ ಬೆಲೆ ಬರಲಿಲ್ಲ. ಮುಂದೆ ಅವುಗಳ ಹಣ ಪುಸ್ತಕ ಕೊಳ್ಳಲು ಮೀಸಲಾಯಿತು. ಒಂದು ವಿಶ್ವವಿದ್ಯಾನಿಲಯವನ್ನು ಒಬ್ಬ ಹೆಂಗಸು ಹೀಗೆ ಸಂಸಾರ ತೂಗಿಸಿದಂತೆ ತೂಗಿಸಿದ ಕಥೆ ಬೇರೆಲ್ಲಿದೆಯೋ ನಾನರಿಯೆ.

ಮನೆಯೊಡತಿ ಸಾಕಿದ ಮೇಲೆ ಮನೆಯೊಡತಿಯ ಮಾತೂ ನಡೆಯಬೇಕಲ್ಲ. ಹೆಣ್ಣುಮಕ್ಕಳ ಸಂಖ್ಯೆ ಏರುತ್ತಿರುವುದನ್ನು ಕಂಡು, ಮಗನ ಸ್ಮಾರಕ ಹೆಂಗಸರ ಕಾಲೇಜಾಗಿಬಿಡುವುದೆಂದು ಹೆದರಿ, ಏಕಕಾಲದಲ್ಲಿ 500ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಇರಕೂಡದೆಂದು 1899ರಲ್ಲಿ ಆಕೆ ಕಟ್ಟುಮಾಡಿದಳು. ಆ ಕಟ್ಟು ಸಡಿಲವಾಗಲು 1933 ಬರಬೇಕಾಯಿತು. ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರು ಸಾರ್ವಜನಿಕ ಸಭೆಗಳಲ್ಲಿ ಆಡಿದ ಮಾತು ಆಕೆಗೆ ಹಿಡಿಸಲಿಲ್ಲ. 1900ರಲ್ಲಿ ಅವನು ಹೊರಗೆ ಹೋಗಬೇಕಾಯಿತು. ಅದನ್ನು ಪ್ರತಿಭಟಿಸಿ ಬೇರೆ ಹಲವರೂ ರಾಜೀನಾಮೆ ಕೊಟ್ಟರು. ರಾಸನ ಮಾತುಗಳಲ್ಲಿ ಏಷ್ಯದ ಕೂಲಿಗಾರರ ಬಗೆಗಿನ ದ್ವೇಷವೂ ಇತ್ತೆಂಬುದನ್ನು ಮರೆಯಬಾರದು. ಆದರೂ ಅಧ್ಯಾಪಕನ ಬಾಯಿ ದಾನಿಯ ಕೈಯಲ್ಲಿರಬೇಕೆ ಎಂಬ ಪ್ರಶ್ನೆ ದೇಶವೆಲ್ಲ ಹಬ್ಬಿತು.

ಹಾಗಾದರೆ ಸರ್ಕಾರಿ ಸಂಸ್ಥೆಯಲ್ಲಿ ಬಾಯಿ ಸ್ವತಂತ್ರವೆ? ಅಲ್ಲಿಯೂ ಒಡೆಯರಿದ್ದರು. 1949ರಲ್ಲಿ, ಕಮ್ಯೂನಿಸ್ಟರ ಭೀತಿ ದೇಶವನ್ನು ಹಿಡಿದಿದ್ದಾಗ, ಬರ್ಕ್ಲಿಯ ಆಡಳಿತ ಮಂಡಲಿ ಪ್ರತಿಯೊಬ್ಬ ಅಧ್ಯಾಪಕನೂ ನಿಷ್ಠೆಯ ಪ್ರಮಾಣಪತ್ರಕ್ಕೆ ರುಜು ಹಾಕಬೇಕೆಂದಿತು. ಕಮ್ಯೂನಿಸಮ್ಮಿಗೂ ತಮಗೂ ಸಂಬಂಧವಿಲ್ಲದ ಪ್ರೊಫೆಸರುಗಳೂ ಇದು ವಿದ್ವಾಂಸನ ಮರ್ಯಾದೆಗೆ ಕುಂದೆಂದು ನಿರಾಕರಿಸಿದರು. 1950ರ ಆಗಸ್ಟಿನಲ್ಲಿ 31 ಜನರನ್ನು ಕೆಲಸದಿಂದ ತೆಗೆದರು. ಗವರ್ನರನೆಂಬ ಕಾರಣದಿಂದ ಮಂಡಲಿಯಲ್ಲಿ ಕುಳಿತಿದ್ದವನು ಅದೇ ಅರ್ಲ್ ವಾರನ್. ಅವನು ಅಧ್ಯಾಪಕರ ಪರವಾಗಿ ಮತ ಕೊಟ್ಟು ಸೋತ. 1952ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಅಧ್ಯಾಪಕರ ಕಡೆಗೆ ತೀರ್ಪು ಕೊಟ್ಟಿತು. ವಾರನ್ನನನ್ನು ಹೊಗಳಿ ಮುಗಿಸುವಂತಿಲ್ಲ. 1942ರಲ್ಲಿ ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಅಟ್ಟಿದಾಗ ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಅವನೂ ಒಬ್ಬ. ಹಾಗೆ ಹೋದವರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳೂ ಇದ್ದರು.

ಶುಲ್ಕ ಬಂದದ್ದು ಹೇಗೆ ಎಂಬುದಕ್ಕೆ ಬರುತ್ತೇನೆ. ಮೊದಲನೆಯ ಮಹಾಯುದ್ಧದ ತರುವಾಯ ಬೆಲೆಗಳೇರಿದವು, ಸ್ಟ್ಯಾನ್‌ಫರ್ಡಿನ ಮೂಲಧನದ ಬಡ್ಡಿ ಏರಲಿಲ್ಲ, ಅಧ್ಯಾಪಕರು ಬೇರೆಡೆ ಹೊರಟರು. 1920ರಲ್ಲಿ ವರ್ಷಕ್ಕೆ 120 ಡಾಲರು ಬೋಧನ ಶುಲ್ಕ ಇಟ್ಟರು. ಹಾಗೆ ನಿರ್ಧರಿಸಿದ ಕಾಲದಲ್ಲಿ ಧರ್ಮದರ್ಶಿಗಳಲ್ಲಿ ಒಬ್ಬ ಹೂವರನೇ ಆಗಿದ್ದ. ಸರ್ಕಾರಿ ಬರ್ಕ್ಲಿಯಲ್ಲೂ ಮರುವರ್ಷ ‘ಇತರ ಖರ್ಚಿನ’ ಶುಲ್ಕವೊಂದು ಬಂತು. ಆದರೆ ಬೋಧನೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲವೆಂಬ ಮಾತನ್ನು ಸಂಸ್ಥಾನ ಇನ್ನೂ ಅರ್ಧ ಶತಮಾನ ಉಳಿಸಿಕೊಂಡಿತು.

ಆ ಅರ್ಧ ಶತಮಾನವೇ ಬರ್ಕ್ಲಿಯ ಸುವರ್ಣಕಾಲ. 1928ರಲ್ಲಿ ಅರ್ನೆಸ್ಟ್ ಲಾರೆನ್ಸ್ ಎಂಬ ಯುವಕ ಖಾಸಗಿ ಯೇಲ್ ವಿಶ್ವವಿದ್ಯಾನಿಲಯವನ್ನು ಬಿಟ್ಟು ಅಲ್ಲಿಗೆ ಬಂದ; ಸೈಕ್ಲೊಟ್ರಾನ್ ಯಂತ್ರವನ್ನು ರೂಪಿಸಿ 1939ರಲ್ಲಿ ನೊಬೆಲ್ ಬಹುಮಾನ ಪಡೆದ. ಶುಲ್ಕವಿಲ್ಲದ ಕಡೆ ಗುಣವೂ ಇರುವುದಿಲ್ಲವೆಂಬ ಇಂದಿನ ನಂಬಿಕೆಗೆ ಆ ಕಾಲ ಸಾಕ್ಷಿ ಹೇಳುವುದಿಲ್ಲ. 1960ರ ಹೊತ್ತಿಗೆ ಪಾಂಡಿತ್ಯದಲ್ಲಿ ಬರ್ಕ್ಲಿ ಹಾರ್ವರ್ಡಿಗೆ ಹೆಗಲೆಣೆಯಾಗಿತ್ತು. ಸ್ಟ್ಯಾನ್‌ಫರ್ಡ್ ಆಗತಾನೆ ಮೇಲೇಳುತ್ತಿತ್ತು. ಅದೇ ವರ್ಷ ಅಧ್ಯಕ್ಷ ಕ್ಲಾರ್ಕ್ ಕೆರ್‌ನ ನೇತೃತ್ವದಲ್ಲಿ ಒಂದು ಮಹಾಯೋಜನೆ ಶಾಸನವಾಯಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ವಿಶ್ವವಿದ್ಯಾನಿಲಯ, ಮೇಲಿನ ಮೂರನೆಯ ಒಂದು ಭಾಗಕ್ಕೆ ಸಂಸ್ಥಾನದ ಕಾಲೇಜುಗಳು, ಉಳಿದವರಿಗೆಲ್ಲ ಊರೂರಿನ ಕಿರಿಯ ಕಾಲೇಜುಗಳು. ಯಾರಿಗೂ ಬೋಧನ ಶುಲ್ಕವಿಲ್ಲ. ಒಂದು ಸರ್ಕಾರ ತನ್ನ ಮಕ್ಕಳಿಗೆ ಕೊಟ್ಟ ಮಾತುಗಳಲ್ಲಿ ಇದು ದೊಡ್ಡದು.

ಆ ಮಾತು ಹತ್ತು ವರ್ಷ ಬಾಳಿತು. 1964ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ವಾಕ್ ಸ್ವಾತಂತ್ರ್ಯಕ್ಕಾಗಿ ಚಳವಳಿ ಹೂಡಿದರು. ಅದರಿಂದ ರೇಗಿದ ಮತದಾರರನ್ನು ಒಲಿಸಿಕೊಂಡು ರೊನಾಲ್ಡ್ ರೇಗನ್ ಗವರ್ನರನಾದ. 1967ರ ಜನವರಿಯಲ್ಲಿ, ಅವನು ಅಧಿಕಾರಕ್ಕೆ ಬಂದ ತಿಂಗಳಲ್ಲೇ, ಆಡಳಿತ ಮಂಡಲಿ ಕೆರ್‌ನನ್ನು ತೆಗೆದುಹಾಕಿತು. ಬರೀ ತಿಳಿಯುವ ಕುತೂಹಲಕ್ಕೆ ತೆರಿಗೆದಾರನೇಕೆ ದುಡ್ಡು ಕೊಡಬೇಕು ಎಂಬ ಧಾಟಿಯ ಮಾತು ರೇಗನ್ನನದು. 1970ರಲ್ಲಿ ಶುಲ್ಕ ಬಂದೇ ಬಂತು. ಅದನ್ನು ‘ಬೋಧನ ಶುಲ್ಕ’ ಎನ್ನಲು ನಾಲಿಗೆ ಬಾರದೆ ‘ಶೈಕ್ಷಣಿಕ ಶುಲ್ಕ’ ಎಂದರು. 1978ರಲ್ಲಿ ಮನೆಜಮೀನಿನ ತೆರಿಗೆಯನ್ನು ಕಟ್ಟಿಹಾಕುವ ಹದಿಮೂರನೆಯ ಪ್ರಸ್ತಾವವನ್ನು ಜನರೇ ಮತ ಕೊಟ್ಟು ಗೆಲ್ಲಿಸಿದರು. ಬೊಕ್ಕಸ ಸೊರಗಿದಾಗಲೆಲ್ಲ ಶುಲ್ಕ ಏರಿತು. 2009ರಲ್ಲಿ ಒಂದೇ ಬಾರಿಗೆ ನೂರಕ್ಕೆ 32ರಷ್ಟು ಏರಿಸಿದರು. ಒಂದು ಕಾಲಕ್ಕೆ ಬರ್ಕ್ಲಿಯ ಖರ್ಚಿನಲ್ಲಿ ಅರ್ಧದಷ್ಟನ್ನು ಹೊರುತ್ತಿದ್ದ ಸಂಸ್ಥಾನ ಈಗ ಹೊರುವುದು ಐದನೆಯ ಒಂದು ಭಾಗಕ್ಕೂ ಕಡಮೆ.

ಖಾಸಗಿ ಸ್ಟ್ಯಾನ್‌ಫರ್ಡ್ ಇದೇ ಕಾಲದಲ್ಲಿ ಎದ್ದು ನಿಂತದ್ದು ಯಾರ ದುಡ್ಡಿನಿಂದ? ಎರಡನೆಯ ಮಹಾಯುದ್ಧದ ಮೇಲೆ ಫ್ರೆಡರಿಕ್ ಟರ್ಮನ್ ಎಂಬ ಎಂಜಿನಿಯರಿಂಗ್ ಪ್ರೊಫೆಸರು, ಮುಂದಿನ ದಿನ ಕೇಂದ್ರ ಸರ್ಕಾರದ ಸಂಶೋಧನ ಹಣದ್ದೆಂದು ಮೊದಲೇ ಊಹಿಸಿ ಅದಕ್ಕೆ ತಕ್ಕ ವಿಭಾಗಗಳನ್ನು ಬೆಳೆಸಿದ. ಸೈನ್ಯದ ಎಲೆಕ್ಟ್ರಾನಿಕ್ಸ್ ಬಂತು, ಆಮೇಲೆ ಕೇಂದ್ರದ ಖರ್ಚಿನಲ್ಲಿ ಎರಡು ಮೈಲಿ ಉದ್ದದ ಕಣವೇಗವರ್ಧಕ ಯಂತ್ರ ಬಂತು. ಮಾರಕೂಡದೆಂದು ಬರೆದಿದ್ದ ಜಮೀನನ್ನು 1951ರಿಂದ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟರು. ಸಿಲಿಕಾನ್ ಕಣಿವೆ ಬೆಳೆದುಬಂದದ್ದು ಅಲ್ಲಿಂದ. ಅಂದರೆ, ಸರ್ಕಾರಿ ಸಂಸ್ಥೆ ವಿದ್ಯಾರ್ಥಿಯ ಜೇಬಿಗೆ ಕೈ ಹಾಕುತ್ತಿದ್ದ ಕಾಲದಲ್ಲಿ ಖಾಸಗಿ ಸಂಸ್ಥೆಗೆ ಸರ್ಕಾರದ ಬೊಕ್ಕಸ ತೆರೆದಿತ್ತು. ಇಂದು ಅದರ ಮೂಲಧನ 3,600 ಕೋಟಿ ಡಾಲರಿಗೂ ಮಿಕ್ಕಿದೆ. ಆ ಬಲದಿಂದ 2008ರಲ್ಲಿ, ವರ್ಷಕ್ಕೆ 1,00,000 ಡಾಲರಿಗಿಂತ ಕಡಮೆ ವರಮಾನದ ಮನೆಯ ಮಕ್ಕಳಿಗೆ ಬೋಧನ ಶುಲ್ಕವಿಲ್ಲವೆಂದು ಸಾರಿತು. ಆ ಮಿತಿಯನ್ನು 2015ರಲ್ಲೂ ಆಮೇಲೂ ಏರಿಸಿತು. ಹೂವರನಂಥ ಹುಡುಗನಿಗೆ ಆ ಬಾಗಿಲು ಮತ್ತೆ ಉಚಿತ. ಬರ್ಕ್ಲಿಯಲ್ಲೂ 2009ರಿಂದ ಇಂಥದೇ ಏರ್ಪಾಡಿದೆ. ಪೂರ್ತಿ ಬೆಲೆ ತೆರುವವರು ನಡುವಿನವರು ಮತ್ತು ಮೇಲಿನವರು. ನನ್ನ ಮಗಳ ಸಂಸಾರ ಆ ನಡುವಿನದು.

ಇಲ್ಲಿಂದ ಮಕ್ಕಳನ್ನು ಕಳುಹಿಸಬೇಕೆಂದಿರುವ ಬೆಂಗಳೂರಿನ ತಂದೆತಾಯಿಗಳು ಒಂದು ವಿಷಯ ಗಮನದಲ್ಲಿಟ್ಟುಕೊಳ್ಳಬೇಕು. ಬರ್ಕ್ಲಿ ಅಗ್ಗವಾಗಿರುವುದು ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಮಾತ್ರ. ಹೊರಗಿನ ವಿದ್ಯಾರ್ಥಿ ಅದರ ಮೂರರಷ್ಟು ಶುಲ್ಕ ಕೊಡಬೇಕು. ಸಂಸ್ಥಾನ ಕೈಬಿಟ್ಟ ಖರ್ಚಿನ ಒಂದು ಪಾಲನ್ನು ತುಂಬುತ್ತಿರುವವನು ಅವನೇ. ಸ್ಟ್ಯಾನ್‌ಫರ್ಡಿನಲ್ಲಿಯೂ, ಹಣದ ಸಹಾಯ ಬೇಕೆಂದು ಕೇಳುವ ಪರದೇಶದವನ ಅರ್ಜಿಯನ್ನು ನೋಡುವಾಗ ಆ ಕೇಳಿಕೆಯನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ದೇಶದೊಳಗಿನವರಿಗೆ ಹಾಗಿಲ್ಲ.

ಕೊಟ್ಟ ದುಡ್ಡಿಗೆ ಫಲವುಂಟೆ? ಅಳಿಯನಿಗೆ ಬೇಕಾಗಿದ್ದುದು ಈ ಒಂದು ಉತ್ತರ. ಸ್ಟೇಸಿ ಡೇಲ್, ಆಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 1976ರಲ್ಲಿ ಕಾಲೇಜು ಸೇರಿದವರನ್ನು ಹಿಂಬಾಲಿಸಿ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದವರಲ್ಲಿ ಹೆಚ್ಚು ಹೆಸರಿನ ಕಡೆ ಹೋದವರ ಮತ್ತು ಹೋಗದವರ ಸಂಪಾದನೆಯನ್ನು ಹೋಲಿಸಿದರು. ಅಂತರ ಕಾಣಲಿಲ್ಲ. ಹುಡುಗನಲ್ಲಿದ್ದುದು ಹುಡುಗನ ಜೊತೆಯಲ್ಲೇ ಹೋಯಿತು. ಲಾಭ ಕಂಡದ್ದು ಬಡಮನೆಗಳ ಮಕ್ಕಳಲ್ಲಿ. ಅಳಿಯ ಇದನ್ನು ಕೇಳಿ ನಿಟ್ಟುಸಿರು ಬಿಟ್ಟ. ಮಗಳು, “ಸಂಬಳ ಒಂದೇನಾ ಅಪ್ಪ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೇಷ್ಟರಾಗಿದ್ದವನು ಅವಳ ಮಾತನ್ನು ಅಲ್ಲಗಳೆಯುವುದು ಹೇಗೆ?

ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಬೇರೊಂದು ಅಂಕಿ. ಸ್ಟ್ಯಾನ್‌ಫರ್ಡಿನಲ್ಲಿ ಪದವಿ ತರಗತಿಗಳ ವಿದ್ಯಾರ್ಥಿಗಳು ಎಂಟು ಸಾವಿರದೊಳಗೆ. ಅರ್ಜಿ ಹಾಕಿದ ನೂರರಲ್ಲಿ ನಾಲ್ವರಿಗೆ ಸೀಟು. ಬರ್ಕ್ಲಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು. ಕಮ್ಮಾರನ ಮಗನೊಬ್ಬನನ್ನು ಗುರುತಿಸಿ ಕೈಹಿಡಿದು ಒಳಗೆ ಕರೆಯುವುದು ದೊಡ್ಡ ಗುಣವೇ. ಆದರೆ ಅಷ್ಟೇನೂ ಮಿಂಚದ, ನಸುಕಿಗೆ ಎದ್ದು ಪಾಳಿಯವರನ್ನು ಎಬ್ಬಿಸುವ ಹುಡುಗನಿಗೂ ಜಾಗವಿರಬೇಕಾದರೆ ಕಟ್ಟಡ ದೊಡ್ಡದಾಗಿರಬೇಕು, ಅದರ ಖರ್ಚನ್ನು ಯಾರಾದರೂ ಹೊರಬೇಕು.

ಹೊರಡುವ ಮುಂಚಿನ ಭಾನುವಾರ ಮೊಮ್ಮಗ ನನ್ನನ್ನು ಸ್ಟ್ಯಾನ್‌ಫರ್ಡ್ ತೋರಿಸಲು ಕರೆದೊಯ್ದ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ 1869ರ ಆ ಬಂಗಾರದ ಮೊಳೆ ಗಾಜಿನೊಳಗಿದೆ. ಕಿರುಬೆರಳಿಗಿಂತ ಸ್ವಲ್ಪ ದಪ್ಪ, ಗೇಣಿಗೆ ಕಡಮೆ ಉದ್ದ. ರೈಲ್ವೆಯ ಅಧಿಕಾರಿಗಳ, ನಿರ್ದೇಶಕರ ಹೆಸರುಗಳನ್ನು ಅದರ ಮೈಮೇಲೆ ಕೆತ್ತಿದ್ದಾರೆ. ಬೆಟ್ಟ ಕೊರೆದವರದು ಒಂದೂ ಇಲ್ಲ. ಹುಡುಗ ಕುತ್ತಿಗೆ ಓರೆಮಾಡಿ ಹೆಸರುಗಳನ್ನು ಒಂದೊಂದಾಗಿ ಓದಿದ. ಆಮೇಲೆ, ತಾತ, ಕಾಫಿ ಕುಡಿಯೋಣವೆ ಎಂದ.

ಆಗಸ್ಟಿನಲ್ಲಿ ಅವನು ಬರ್ಕ್ಲಿಗೆ ಸೇರಿದ. ಈ ಚರಿತ್ರೆಯನ್ನೆಲ್ಲ ಕೇಳಿ ಹಾಗೆ ಮಾಡಿದನೆಂದು ನಾನು ಹೇಳಿಕೊಳ್ಳುವಂತಿಲ್ಲ. ಅವನ ಇಬ್ಬರು ಗೆಳೆಯರು ಅಲ್ಲಿಗೆ ಹೊರಟಿದ್ದರು. ಮೊದಲ ತಿಂಗಳು ತರಗತಿಯಲ್ಲಿ ಎಂಟುನೂರು ಜನವೆಂದೂ ಪ್ರೊಫೆಸರ ಮುಖವೇ ಕಾಣುವುದಿಲ್ಲವೆಂದೂ ತಾಯಿಗೆ ದೂರು ಹೇಳಿದನಂತೆ. ಅವಳು ಅದನ್ನು ಫೋನಿನಲ್ಲಿ ನನಗೆ ಒಪ್ಪಿಸಿದಳು, ದೂರಿನಲ್ಲಿ ನನ್ನ ಪಾಲೂ ಇದೆ ಎಂಬ ದನಿಯಲ್ಲಿ.